ಜಾನ್ ಪೋಸ್ಟೆಲ್: ಅಂತರ್ಜಾಲದ ದಫ್ತರ ಬರೆದವರು

ಈ ವರ್ಷದ ಬೋಧನಾಭ್ಯಾಸಕ್ಕೆ ನನಗೆ ಕಮಲಾಪುರದ ಒಂದು ಪ್ರೌಢಶಾಲೆ ಸಿಕ್ಕಿತ್ತು. ದಿನಾಲು ಬೆಳಿಗ್ಗೆ ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ಬಸ್ ಹಿಡಿದು ಹೋಗಿ, ಸಂಜೆ ಮರಳುತ್ತಿದ್ದೆ. ಒಂಬತ್ತನೆಯ ತರಗತಿಗೆ ಅಂತರ್ಜಾಲದ ಪರಿಚಯ ಮಾಡಿಸುವ ಪಾಠ ನನ್ನ ಪಾಲಿಗೆ ಬಂತು. ಪಾಠ ಯೋಜನೆಯಲ್ಲಿ ವ್ಯಾಖ್ಯೆ, ಉಪಯೋಗಗಳು, ಸೇವೆಗಳ ಪಟ್ಟಿ ಎಲ್ಲವನ್ನೂ ಬರೆದುಕೊಂಡಿದ್ದೆ. ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿ ಪೀಠಿಕೆ ಹಾಕಬೇಕೆಂದಿದ್ದೆ. ಅಂದು ನೆಟ್‌ವರ್ಕ್ ಬರಲಿಲ್ಲ. ಜಾಲಗಳ ಜಾಲವೇ ಅಂತರ್ಜಾಲ ಎಂದು ಕಪ್ಪು ಹಲಗೆಯ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಇದರ ಮಾಲೀಕರು ಯಾರು ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಹಾಗಾದರೆ ಹೆಸರು, ವಿಳಾಸ ಕೊಡುವವರು ಯಾರು ಎಂಬುದು ಅವಳ ಮುಂದಿನ ಪ್ರಶ್ನೆ. ಅದಕ್ಕೊಂದು ಕಾರಣವಿತ್ತು. ಅವಳ ಅಕ್ಕನ ವಿದ್ಯಾರ್ಥಿವೇತನದ ಅರ್ಜಿಯನ್ನು ಒಂದು ಆನ್‌ಲೈನ್ ಸೆಂಟರಿನಲ್ಲಿ ತುಂಬಿಸಿದ್ದರು. ಅಲ್ಲಿಯವರು ಅಕ್ಕನಿಗೆ ಇ-ಮೇಲ್ ಇಲ್ಲವೆಂದು ತಮ್ಮ ಇ-ಮೇಲನ್ನೇ ಹಾಕಿದ್ದರು. ಕಾಗದಪತ್ರ ಕೇಳಿ ಬಂದ ಪತ್ರ ಸೆಂಟರಿಗೇ ಹೋಯಿತು. ಮನೆಯವರಿಗೆ ತಿಳಿಯುವ ಹೊತ್ತಿಗೆ ಕೊನೆಯ ದಿನಾಂಕ ದಾಟಿತ್ತು. ಆ ಪತ್ರ ಯಾರದು ಎಂದು ಅವಳು ಕೇಳುತ್ತಿದ್ದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಮಾರ್ಗದರ್ಶಕರು ಅವಲೋಕನ ವಹಿಯಲ್ಲಿ, ಶಬ್ದದ ಅರ್ಥ ಹೇಳಿದ್ದೀರಿ, ವಸ್ತುವಿನ ಪರಿಚಯ ಆಗಿಲ್ಲ ಎಂಬ ಅರ್ಥದ ಒಂದು ಸಾಲು ಬರೆದರು.

ಕಲಬುರಗಿಗೆ ಬಂದು ಕಾಲೇಜಿನ ಗ್ರಂಥಾಲಯದಲ್ಲಿ ಕೂತು, ಹೆಸರು ಕೊಡುವವರು ಯಾರು ಎಂಬುದನ್ನೇ ಹುಡುಕುತ್ತ ಹೋದೆ. ಸಿಕ್ಕಿದ್ದು ಒಬ್ಬ ವ್ಯಕ್ತಿ, ಜೊನಾಥನ್ ಪೋಸ್ಟೆಲ್. ಜಗತ್ತು ಅವರನ್ನು ಜಾನ್ ಪೋಸ್ಟೆಲ್ ಎಂದೇ ಬಲ್ಲದು. ಅವರ ಜೀವನವನ್ನು ಕ್ರಮವಾಗಿ ಹೇಳುತ್ತ ಹೋದರೆ ಅಂತರ್ಜಾಲದ ಪಾಠವೂ ಕ್ರಮವಾಗಿ ಬರುತ್ತದೆ ಎಂಬುದು ನನಗೆ ಆಗ ಹೊಳೆಯಿತು.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಮುಂದೆ ಅಂತರ್ಜಾಲ ಕಟ್ಟಿದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯವರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಇಂಜಿನಿಯರಿಂಗ್ ಪದವಿ, ಸ್ನಾತಕೋತ್ತರ ಪದವಿ ಮುಗಿಸಿ, 1974ರಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಉದ್ದ ಗಡ್ಡ, ಕಾಲಿಗೆ ಚಪ್ಪಲಿ, ರಜೆ ಸಿಕ್ಕರೆ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವ ಮನುಷ್ಯ.

ಅವರು ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗಲೇ, 1969ರಲ್ಲಿ, ಅರ್ಪಾನೆಟ್ ಎಂಬ ಜಾಲ ಶುರುವಾಯಿತು. ಅದೇ ವರ್ಷದ ಅಕ್ಟೋಬರ್ 29ರಂದು ಅವರ ವಿಶ್ವವಿದ್ಯಾಲಯದ ಕಂಪ್ಯೂಟರಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಮೊದಲ ಸಂದೇಶ ಹೊರಟಿತು. ಲಾಗಿನ್ ಎಂಬ ಪದದ ಮೊದಲ ಎರಡು ಅಕ್ಷರ ತಲುಪುತ್ತಲೇ ವ್ಯವಸ್ಥೆ ಕೈಕೊಟ್ಟಿತು. ಮೊದಲ ದಿನವೇ ನೆಟ್‌ವರ್ಕ್ ಹೋಗಿತ್ತು ಎಂದು ತಿಳಿದಾಗ, ಕಮಲಾಪುರದಲ್ಲಿ ನನಗಾದ ಪೇಚು ಸ್ವಲ್ಪ ಹಗುರಾಯಿತು.

ಬೇರೆ ಬೇರೆ ಕಂಪನಿಯ ಕಂಪ್ಯೂಟರುಗಳು ಒಂದರೊಡನೊಂದು ಮಾತಾಡಬೇಕಾದರೆ ಮೊದಲೇ ಒಂದು ಒಪ್ಪಂದ ಬೇಕು. ಅದಕ್ಕೆ ಪ್ರೋಟೊಕಾಲ್ ಎನ್ನುತ್ತಾರೆ. ಈ ಒಪ್ಪಂದಗಳನ್ನು ಯಾವ ಸರಕಾರವೂ ಆಜ್ಞೆಯಾಗಿ ಹೊರಡಿಸಲಿಲ್ಲ. ವಿದ್ಯಾರ್ಥಿಗಳೇ ಟಿಪ್ಪಣಿ ಬರೆದು, ಉಳಿದವರ ಅಭಿಪ್ರಾಯ ಕೇಳಿ ಹಂಚುತ್ತಿದ್ದರು. ಅವುಗಳ ಹೆಸರು ಆರ್‌ಎಫ್‌ಸಿ, ಅಂದರೆ ಅಭಿಪ್ರಾಯ ಕೋರುವ ಟಿಪ್ಪಣಿ. ಮೊದಲನೆಯದನ್ನು 1969ರ ಏಪ್ರಿಲ್‌ನಲ್ಲಿ ಕ್ರಾಕರ್ ಬರೆದರು. ಅವುಗಳ ಸಂಪಾದಕರಾದವರು ಪೋಸ್ಟೆಲ್. ಸಾಯುವವರೆಗೂ ಆ ಕೆಲಸ ಬಿಡಲಿಲ್ಲ. ಎರಡು ಸಾವಿರಕ್ಕೂ ಮಿಕ್ಕ ಟಿಪ್ಪಣಿಗಳು ಅವರ ಕಾಲದಲ್ಲಿ ಹೊರಬಂದವು.

ಎರಡನೆಯ ಕೆಲಸವನ್ನು ಅವರು ತಾವಾಗಿ ಹೆಗಲಿಗೆ ಹಾಕಿಕೊಂಡರು. ಜಾಲದ ಮೇಲೆ ಪ್ರತಿ ಸೇವೆಗೂ ಒಂದು ಸಂಖ್ಯೆ ಬೇಕು. ಇಬ್ಬರು ಒಂದೇ ಸಂಖ್ಯೆ ಹಿಡಿದರೆ ಗೊಂದಲ. ಸಂಖ್ಯೆ ಹಂಚಲು ಒಬ್ಬರಿರಲಿ, ಬೇಕಾದರೆ ತಾನೇ ಆಗುತ್ತೇನೆ ಎಂದು 1972ರ ಮೇ ತಿಂಗಳ ಒಂದು ಟಿಪ್ಪಣಿಯಲ್ಲಿ ಅವರು ಸೂಚಿಸಿದರು. ಅಲ್ಲಿಂದ ದಫ್ತರ ಅವರ ಕೈಗೆ ಬಂತು. ಕಡತ ಕಳಿಸುವ ಸೇವೆಗೆ 21, ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ಟೆಲ್ನೆಟ್‌ಗೆ 23, ಇ-ಮೇಲಿಗೆ 25, ಹೆಸರು ಹುಡುಕುವ ಸೇವೆಗೆ 53, ಮುಂದೆ ವೆಬ್ ಪುಟಗಳಿಗೆ 80. ಈ ಪಟ್ಟಿಯನ್ನು ಅವರೂ ಅವರ ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಅವರೂ ವರ್ಷಾನುಗಟ್ಟಲೆ ನೋಡಿಕೊಂಡರು.

1977ರಲ್ಲಿ ಪೋಸ್ಟೆಲ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಗೆ ಬಂದರು. ಕೊನೆಯವರೆಗೂ ಅಲ್ಲೇ ಇದ್ದರು. 1981ರ ಸೆಪ್ಟೆಂಬರ್‌ನಲ್ಲಿ ಅವರು ಸಂಪಾದಿಸಿದ ಎರಡು ಟಿಪ್ಪಣಿಗಳು ಇವತ್ತಿಗೂ ಅಂತರ್ಜಾಲದ ಬುನಾದಿ. ಒಂದು ಐಪಿ. ಪ್ರತಿ ಯಂತ್ರಕ್ಕೂ ಸಂಖ್ಯೆಯ ವಿಳಾಸ ಕೊಟ್ಟು, ಸಂದೇಶವನ್ನು ಸಣ್ಣ ತುಂಡುಗಳಾಗಿ ಸಾಗಿಸುವ ನಿಯಮ. ಇನ್ನೊಂದು ಟಿಸಿಪಿ. ತುಂಡುಗಳಿಗೆ ಕ್ರಮಸಂಖ್ಯೆ ಹಾಕಿ, ಕಳೆದದ್ದನ್ನು ಮತ್ತೆ ಕಳಿಸಿ, ಕೊನೆಗೆ ಸರಿಯಾಗಿ ಜೋಡಿಸುವ ನಿಯಮ. 1983ರ ಜನವರಿ 1ರಂದು ಅರ್ಪಾನೆಟ್ ಇಡೀ ಈ ನಿಯಮಕ್ಕೆ ಬದಲಾಯಿತು. ಬದಲಾವಣೆಯ ಯೋಜನೆ ಬರೆದವರೂ ಪೋಸ್ಟೆಲ್ ಅವರೇ.

1982ರ ಆಗಸ್ಟ್‌ನಲ್ಲಿ ಅವರು ಎಸ್‌ಎಂಟಿಪಿ ಬರೆದರು. ಇ-ಮೇಲ್ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವ ಕ್ರಮ ಇದು. ಕಲಬುರಗಿಯ ಪ್ರಧಾನ ಅಂಚೆ ಕಚೇರಿಯ ಪಿನ್ 585101 ಎಂದು ಬರೆದರೆ, ಎಲ್ಲಿಂದ ಹಾಕಿದರೂ ಕಾಗದ ಇಲ್ಲಿಗೆ ಬರುತ್ತದೆ. ಅಂಚೆಯವರು ಬರೆದ ವಿಳಾಸ ನೋಡುತ್ತಾರೆಯೇ ಹೊರತು, ಒಳಗಿನ ವಿಷಯ ಯಾರಿಗೆ ಸಂಬಂಧಿಸಿದ್ದು ಎಂದು ನೋಡುವುದಿಲ್ಲ. ಇ-ಮೇಲ್ ಕೂಡ ಹಾಗೆಯೇ. ಆ ಹುಡುಗಿಯ ಅಕ್ಕನ ಪತ್ರ ಸೆಂಟರಿಗೆ ಹೋದದ್ದು ಯಂತ್ರದ ತಪ್ಪಲ್ಲ. ಅರ್ಜಿಯಲ್ಲಿ ಬರೆದ ವಿಳಾಸಕ್ಕೇ ಅದು ಹೋಗಿತ್ತು.

ಸಂಖ್ಯೆಯ ವಿಳಾಸ ನೆನಪಿಡುವುದು ಕಷ್ಟ. ಮೊದಲು ಎಲ್ಲ ಕಂಪ್ಯೂಟರುಗಳ ಹೆಸರು ಒಂದೇ ಕಡತದಲ್ಲಿದ್ದವು. ಕಂಪ್ಯೂಟರು ಹೆಚ್ಚಿದಂತೆ ಆ ಕಡತ ಸಾಲದಾಯಿತು. ಪೋಸ್ಟೆಲ್ ಈ ಸಮಸ್ಯೆಯನ್ನು ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಅವರಿಗೆ ಒಪ್ಪಿಸಿದರು. 1983ರಲ್ಲಿ ಡೊಮೈನ್ ಹೆಸರಿನ ವ್ಯವಸ್ಥೆ ರೂಪುಗೊಂಡಿತು. 1984ರಲ್ಲಿ ಪೋಸ್ಟೆಲ್ ಮತ್ತು ರೆನಾಲ್ಡ್ಸ್ ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದ ಕೊನೆಯ ಹೆಸರುಗಳನ್ನೂ, ದೇಶಕ್ಕೆ ಎರಡಕ್ಷರದ ಹೆಸರನ್ನೂ ಟಿಪ್ಪಣಿಯಲ್ಲಿ ಬರೆದರು. ಭಾರತದ ಡಾಟ್ ಇನ್ 1989ರಲ್ಲಿ ದಾಖಲಾಯಿತು. ಅದಕ್ಕೂ ಮೊದಲೇ, 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿತ್ತು. ಜನಸಾಮಾನ್ಯರಿಗೆ ಅಂತರ್ಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಈಗ ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಹೆಸರೂ ಇದೆ.

ದೇಶದ ಹೆಸರನ್ನು ಯಾರ ಕೈಗೆ ಕೊಡಬೇಕೆಂದು ತೀರ್ಮಾನಿಸುತ್ತಿದ್ದವರು ಪೋಸ್ಟೆಲ್. ಆದರೂ 1994ರ ಟಿಪ್ಪಣಿಯೊಂದರಲ್ಲಿ ಅವರು ಇಟ್ಟ ನಿಲುವು ನನ್ನ ಪಾಠದ ತಿರುಳಾಯಿತು. ಹೆಸರು ನೋಡಿಕೊಳ್ಳುವವರು ಧರ್ಮದರ್ಶಿಗಳಿದ್ದಂತೆ. ಅಲ್ಲಿ ಹಕ್ಕು, ಒಡೆತನದ ಮಾತು ಸಲ್ಲದು, ಹೊಣೆ ಮತ್ತು ಸೇವೆಯ ಮಾತು ಸಲ್ಲುತ್ತದೆ ಎಂಬುದು ಅದರ ಸಾರ. ನಮ್ಮ ಕಡೆ ಹಿಂದೆ ಊರ ಕುಲಕರ್ಣಿಯ ಹತ್ತಿರ ಹೊಲಗಳ ದಫ್ತರ ಇರುತ್ತಿತ್ತು. ದಫ್ತರ ಅವರ ಕೈಯಲ್ಲಿದ್ದರೂ ಊರ ಹೊಲವೆಲ್ಲ ಅವರದಲ್ಲ. ಆದರೆ ಲೆಕ್ಕ ತಪ್ಪಿದರೆ ಬದುವಿನ ಜಗಳ ತಪ್ಪದು.

ದಫ್ತರ ಒಬ್ಬರ ಕೈಯಲ್ಲೇ ಇರುವುದರ ಅಪಾಯವೂ ಅವರ ಜೀವನದಲ್ಲೇ ಕಾಣಿಸಿತು. ಹೆಸರುಗಳ ಮೂಲ ಪಟ್ಟಿ ಇಟ್ಟ ಸರ್ವರುಗಳು ಒಂದು ಖಾಸಗಿ ಕಂಪನಿಯಿಂದ ಪಟ್ಟಿ ಪಡೆಯುತ್ತಿದ್ದವು. 1998ರ ಜನವರಿ 28ರಂದು ಪೋಸ್ಟೆಲ್ ಅವುಗಳಲ್ಲಿ ಎಂಟನ್ನು ನಡೆಸುವವರಿಗೆ ಇ-ಮೇಲ್ ಕಳಿಸಿ, ಇನ್ನು ಮುಂದೆ ತಮ್ಮ ಸಂಸ್ಥೆಯ ಕಂಪ್ಯೂಟರಿನಿಂದ ಪಟ್ಟಿ ತೆಗೆದುಕೊಳ್ಳಲು ಹೇಳಿದರು. ಅವರು ಹಾಗೆಯೇ ಮಾಡಿದರು. ಅಮೆರಿಕ ಸರಕಾರ ಬೆಚ್ಚಿಬಿತ್ತು. ಇದು ಪರೀಕ್ಷೆ ಎಂದು ಹೇಳಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು. ಬಳಸುವವರಿಗೆ ಏನೂ ತಿಳಿಯಲಿಲ್ಲ. ಆದರೆ ಒಬ್ಬರ ಮಾತಿನ ಮೇಲೆ ಎಷ್ಟು ನಿಂತಿದೆ ಎಂಬುದು ಬಲ್ಲವರಿಗೆ ಗೊತ್ತಾಯಿತು. ಈ ಕೆಲಸಕ್ಕೆ ಒಂದು ಸಂಸ್ಥೆ ಬೇಕೆಂಬ ಚರ್ಚೆ ಆಗಲೇ ನಡೆದಿತ್ತು. ಅದೇ ಸೆಪ್ಟೆಂಬರ್‌ನಲ್ಲಿ ಐಕ್ಯಾನ್ ಸ್ಥಾಪನೆಯಾಯಿತು. ಅದನ್ನು ರೂಪಿಸಲು ದುಡಿದವರಲ್ಲಿ ಪೋಸ್ಟೆಲ್ ಮುಖ್ಯರು. ಕೆಲವೇ ದಿನಗಳಲ್ಲಿ, 1998ರ ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ತೀರಿಕೊಂಡರು. ಆಗ ಅವರಿಗೆ 55 ವರ್ಷ. ವಿಂಟ್ ಸರ್ಫ್ ತಮ್ಮ ಗೆಳೆಯನ ನೆನಪನ್ನು ಆರ್‌ಎಫ್‌ಸಿ ಟಿಪ್ಪಣಿಯಾಗಿಯೇ ಬರೆದರು. ಅದರ ಸಂಖ್ಯೆ 2468.

ಮುಂದಿನ ವಾರ ಅದೇ ತರಗತಿಯಲ್ಲಿ ಪಾಠವನ್ನು ಮತ್ತೆ ಮಾಡಿದೆ. ಪೋಸ್ಟೆಲ್ ಎಂಬ ಹೆಸರು ಕೇಳಿ ಮಕ್ಕಳು ಪೋಸ್ಟಿನವರೇ ಎಂದು ನಕ್ಕರು. ಹೆಸರು ನೆನಪಿನಲ್ಲಿ ಉಳಿಯಿತು. ಕಮಲಾಪುರದ ಕೆಂಪು ಬಾಳೆಹಣ್ಣಿನ ಬಗ್ಗೆ ಒಂದು ವಾಕ್ಯವನ್ನು ಆರು ಚೀಟಿಗಳಲ್ಲಿ ಬರೆದು, ಸಂಖ್ಯೆ ಹಾಕಿ, ಬೇರೆ ಬೇರೆ ಸಾಲುಗಳ ಮೂಲಕ ಹಿಂದಿನ ಬೆಂಚಿಗೆ ಕಳಿಸಿದೆವು. ನಾಲ್ಕನೆಯದನ್ನು ನಾನು ನಡುವೆ ಬಚ್ಚಿಟ್ಟೆ. ಹಿಂದಿನವರು ಎಲ್ಲವನ್ನೂ ಕೇಳಲಿಲ್ಲ, ನಾಲ್ಕನ್ನು ಮಾತ್ರ ಮತ್ತೆ ಕೇಳಿದರು. ಟಿಸಿಪಿ ಎಂದರೇನೆಂದು ಬೇರೆ ಹೇಳಬೇಕಾಗಲಿಲ್ಲ. ಆಮೇಲೆ ಜಾಲತಾಣದ ಹೆಸರನ್ನು ಬಲದಿಂದ ಎಡಕ್ಕೆ ಓದಿಸಿದೆ. ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್ ಎಂದರೆ ಮೊದಲು ದೇಶ, ನಂತರ ಸರಕಾರ, ನಂತರ ರಾಜ್ಯ. ಅರ್ಜಿ ತುಂಬುವ ಮೊದಲು ಹೆಸರಿನ ಬಲತುದಿ ನೋಡಬೇಕೆಂದು ಮಕ್ಕಳೇ ಹೇಳಿದರು.

ಮಾಲೀಕರು ಯಾರೆಂಬ ಪ್ರಶ್ನೆಗೆ, ತಂತಿ, ಸರ್ವರುಗಳಿಗೆ ಮಾಲೀಕರಿದ್ದಾರೆ, ಒಪ್ಪಂದಕ್ಕೆ ಮಾಲೀಕರಿಲ್ಲ, ಅದರ ದಫ್ತರ ನೋಡಿಕೊಳ್ಳುವವರು ಮಾತ್ರ ಇದ್ದಾರೆ ಎಂದು ಉತ್ತರಿಸಿದೆ. ಆ ಹುಡುಗಿ ತಲೆಯಾಡಿಸಿದಳು. ಬೋಧನಾಭ್ಯಾಸದ ಕೊನೆಯ ದಿನ ಬಂದು, ಅಕ್ಕ ತನ್ನದೇ ಇ-ಮೇಲ್ ಮಾಡಿಸಿಕೊಂಡಿದ್ದಾಳೆ ಎಂದು ನೋಟ್‌ಬುಕ್ಕಿನ ಹಿಂದಿನ ಹಾಳೆ ತೋರಿಸಿದಳು. ವಿಳಾಸದ ಕೆಳಗೆ ಪಾಸ್‌ವರ್ಡನ್ನೂ ಬರೆದಿದ್ದಳು. ಅದನ್ನು ಅಲ್ಲೇ ಅವಳಿಂದ ಹೊಡೆದುಹಾಕಿಸಿ, ಅಕ್ಕನಿಗೆ ಬೇರೆ ಪಾಸ್‌ವರ್ಡ್ ಇಟ್ಟುಕೊಳ್ಳಲು ಹೇಳು ಎಂದು ಹೇಳಿ, ಕಲಬುರಗಿಯ ಬಸ್ ಹತ್ತಿದೆ.