ಗಾಜಿನ ಪೆಟ್ಟಿಗೆಯಲ್ಲಿ ಕೂತ ಬೆಂಥಮ್

ಲಂಡನ್ನಿಗೆ ಓದೋಕೆ ಬಂದ ಮೊದಲ ತಿಂಗಳಲ್ಲೇ ಸೀನಿಯರ್‌ಗಳು ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದ ಜಾಗಗಳಲ್ಲಿ ಮೂರು ಇನ್ನೂ ನೆನಪಿವೆ. ಒಂದು, ಕರಿಬೇವು ಸಿಗುವ ಅಂಗಡಿ. ಇನ್ನೊಂದು, ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿರುವ ಬಸವಣ್ಣನವರ ಪುತ್ಥಳಿ. ಮೂರನೆಯದು, ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸ್ಟೂಡೆಂಟ್ ಸೆಂಟರ್‌ನಲ್ಲಿರುವ ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ಕರಿ ಕೋಟು ತೊಟ್ಟು, ಅಗಲ ಅಂಚಿನ ಟೋಪಿ ಹಾಕಿ, ಊರುಗೋಲು ಇಟ್ಟುಕೊಂಡು ಒಬ್ಬ ಮುದುಕ ಕೂತಿದ್ದಾನೆ. ಬೊಂಬೆ ಅಂದುಕೊಂಡೆವು. ಬಟ್ಟೆಯೊಳಗೆ ನಿಜವಾದ ಅಸ್ಥಿಪಂಜರ ಇದೆ ಅಂತ ತಿಳಿದಾಗ ನಮ್ಮಲ್ಲೊಬ್ಬರು ಎರಡು ಹೆಜ್ಜೆ ಹಿಂದೆ ಸರಿದರು. ಪಕ್ಕದಲ್ಲೇ ಹುಡುಗರು ಲ್ಯಾಪ್‌ಟಾಪ್ ತೆಗೆದು ಅಸೈನ್‌ಮೆಂಟ್ ಬರೀತಾ ಇದ್ದರು.

ಆ ಮುದುಕ ಜೆರೆಮಿ ಬೆಂಥಮ್. ಪಿಯುಸಿ ರಾಜ್ಯಶಾಸ್ತ್ರ ಓದಿದವರಿಗೆ ಹೆಸರು ಗೊತ್ತಿರುತ್ತೆ. ಉಪಯುಕ್ತತಾವಾದ ಅಂತ ಎರಡು ಅಂಕದ ಪ್ರಶ್ನೆಗೆ ಉತ್ತರವಾಗಿ ಬರುವವನು. ಎಂಜಿನಿಯರಿಂಗ್ ಮಾಡಿದ ನಮಗೆ ಅಷ್ಟೂ ಗೊತ್ತಿರಲಿಲ್ಲ. ಈ ವರ್ಷದ ಸಂಚಿಕೆಗೆ ಇವನ ಬಗ್ಗೆಯೇ ಬರೆಯೋಣ ಅನ್ನಿಸಿದ್ದಕ್ಕೆ ಒಂದು ಕಾರಣವಿದೆ, ಅದನ್ನು ಕೊನೆಯಲ್ಲಿ ಹೇಳ್ತೇವೆ.

ಬೆಂಥಮ್ ಹುಟ್ಟಿದ್ದು 1748ರಲ್ಲಿ, ಲಂಡನ್ನಿನ ಹೌಂಡ್ಸ್‌ಡಿಚ್‌ನಲ್ಲಿ. ತಂದೆ ವಕೀಲರು, ಮಗ ದೊಡ್ಡ ನ್ಯಾಯಾಧೀಶನಾಗಬೇಕು ಅನ್ನೋದು ಅವರ ಆಸೆ. ಮೂರು ವರ್ಷಕ್ಕೇ ಲ್ಯಾಟಿನ್ ಪಾಠ ಶುರುವಾಯಿತು. ಹತ್ತು ವರ್ಷದವನಿದ್ದಾಗ ತಾಯಿ ತೀರಿಕೊಂಡರು. ಹನ್ನೆರಡಕ್ಕೆ ಆಕ್ಸ್‌ಫರ್ಡ್‌ನ ಕ್ವೀನ್ಸ್ ಕಾಲೇಜು. ಮಗನನ್ನು ರ‍್ಯಾಂಕಿಗಾಗಿ ಓಡಿಸುವ ಅಪ್ಪಂದಿರು ನಮ್ಮೂರಲ್ಲಿ ಮಾತ್ರ ಇದ್ದಾರೆ ಅಂದುಕೊಂಡಿದ್ದೆವು!

ಕುಳ್ಳಗೆ, ತೆಳ್ಳಗೆ ಇದ್ದ ಈ ಹುಡುಗನಿಗೆ ದೆವ್ವದ ಭಯ ವಿಪರೀತ. ಮನೆ ಆಳುಗಳು ಹೇಳಿದ ಕಥೆಗಳು ತಲೆಯಲ್ಲಿ ಕೂತುಬಿಟ್ಟಿದ್ದವು. ತಮಾಷೆ ಅಂದ್ರೆ, ದೆವ್ವ ಇಲ್ಲ ಅಂತ ಬುದ್ಧಿಗೆ ಪೂರ್ತಿ ಖಾತ್ರಿಯಾದ ಮೇಲೂ, ಮುದುಕನಾದ ಮೇಲೂ, ಕತ್ತಲಲ್ಲಿ ಆ ಭಯ ಅವನನ್ನು ಬಿಡಲಿಲ್ಲ. ಭಯದ ಮೇಲೆ ಕಟ್ಟಿದ ನಂಬಿಕೆ ಮನುಷ್ಯನನ್ನು ಏನು ಮಾಡುತ್ತೆ ಅನ್ನೋದನ್ನು ಅವನು ಮೊದಲು ಓದಿದ್ದು ಪುಸ್ತಕದಲ್ಲಲ್ಲ, ತನ್ನ ಹಾಸಿಗೆಯಲ್ಲೇ.

ಆಕ್ಸ್‌ಫರ್ಡ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಆಗ ಅಲ್ಲಿ ಓದುವವರು ಇಂಗ್ಲೆಂಡಿನ ಚರ್ಚಿನ ಮೂವತ್ತೊಂಬತ್ತು ವಿಧಿಗಳನ್ನು ಒಪ್ಪುತ್ತೇವೆ ಅಂತ ಸಹಿ ಹಾಕಬೇಕಿತ್ತು. ಬೆಂಥಮ್ ಆ ವಿಧಿಗಳನ್ನು ಕೂತು ಓದಿದ. ಕೆಲವಕ್ಕೆ ಅರ್ಥವೇ ಸಿಗಲಿಲ್ಲ, ಕೆಲವು ಅವನ ಬುದ್ಧಿಗೂ ಬೈಬಲ್ಲಿಗೂ ಹೊಂದಲಿಲ್ಲ. ಅವನಂತೆಯೇ ಅನುಮಾನ ಬಂದ ಕೆಲವರು ಹಿರಿಯರನ್ನು ಕೇಳಿದಾಗ, ದೊಡ್ಡವರು ಬರೆದಿಟ್ಟದ್ದನ್ನು ಹುಡುಗರು ಪ್ರಶ್ನಿಸಬಾರದು ಅನ್ನುವ ಧಾಟಿಯ ಉತ್ತರ ಬಂತು. ಸಹಿ ಹಾಕದೆ ಇದ್ದರೆ ಪದವಿ ಇಲ್ಲ, ಅಪ್ಪನ ಮುಂದೆ ನಿಲ್ಲೋಕೂ ಆಗಲ್ಲ. ಸಹಿ ಹಾಕಿದ. ನಂಬದ್ದನ್ನು ನಂಬುತ್ತೇನೆ ಅಂತ ಬರೆದುಕೊಟ್ಟ ಆ ಗಳಿಗೆಯ ನೋವು ಸಾಯುವವರೆಗೂ ಉಳಿಯಿತು. ನಾವೂ ಪ್ರತಿ ಫಾರ್ಮಿನ ಕೆಳಗೆ ಓದದೆ ಟಿಕ್ ಹಾಕುವವರೇ. ಅವನಿಗೆ ಮಾತ್ರ ಆ ಸಹಿ ಒಂದು ಸುಳ್ಳಿನಂತೆ ಚುಚ್ಚುತ್ತಲೇ ಇತ್ತು. ಧರ್ಮದ ಹೆಸರಿನಲ್ಲಿ ಒಬ್ಬ ಹುಡುಗನಿಂದ ಸುಳ್ಳು ಹೇಳಿಸಿದರೆ ಅಲ್ಲಿ ನೀತಿ ಎಲ್ಲಿ ಉಳಿಯಿತು ಅನ್ನೋದು ಅವನ ಪ್ರಶ್ನೆ.

1769ರಲ್ಲಿ ವಕೀಲನಾದ, ಆದರೆ ವಕೀಲಿ ಮಾಡಲಿಲ್ಲ. ಕಾನೂನು ಈಗ ಹೇಗಿದೆ ಅನ್ನೋದಕ್ಕಿಂತ ಹೇಗಿರಬೇಕು ಅನ್ನೋದರ ಹಿಂದೆ ಬಿದ್ದ. ಅದು ಜ್ಞಾನೋದಯ ಯುಗ. ಡೇವಿಡ್ ಹ್ಯೂಮ್, ಇಟಲಿಯ ಬೆಕಾರಿಯಾ, ಫ್ರಾನ್ಸಿನ ಎಲ್ವೆಸಿಯಸ್, ಎಲ್ಲರನ್ನೂ ಓದಿದ. ಹ್ಯೂಮ್ ಓದಿದಾಗ ಕಣ್ಣಿನ ಪೊರೆ ಕಳಚಿದ ಹಾಗಾಯಿತಂತೆ. 1776ರಲ್ಲಿ ಹೆಸರು ಹಾಕದೆ ಮೊದಲ ಪುಸ್ತಕ ತಂದ. ಆಕ್ಸ್‌ಫರ್ಡ್‌ನಲ್ಲಿ ತನಗೆ ಪಾಠ ಹೇಳಿದ್ದ ದೊಡ್ಡ ಕಾನೂನು ಪಂಡಿತ ಬ್ಲ್ಯಾಕ್‌ಸ್ಟೋನ್ ಅವರ ಮೇಲೆಯೇ ಆ ಪುಸ್ತಕದಲ್ಲಿ ಟೀಕೆ ಇತ್ತು. ಮುಖ್ಯ ಕೃತಿ, ನೀತಿ ಮತ್ತು ಶಾಸನದ ತತ್ತ್ವಗಳ ಪೀಠಿಕೆ, 1780ರಲ್ಲೇ ಅಚ್ಚಾದರೂ ಪ್ರಕಟವಾಗಿದ್ದು 1789ರಲ್ಲಿ.

ಆ ಪುಸ್ತಕದ ವಾದ ಎಂಜಿನಿಯರ್‌ಗಳಿಗೆ ಬೇಗ ಹಿಡಿಸುತ್ತೆ. ಯಾವುದೇ ಕೆಲಸ ಸರಿಯೋ ತಪ್ಪೋ ಅಂತ ಹೇಳೋಕೆ ಅದರಿಂದ ಎಷ್ಟು ಜನಕ್ಕೆ ಎಷ್ಟು ಸುಖ, ಎಷ್ಟು ನೋವು ಅಂತ ಲೆಕ್ಕ ಹಾಕಿ. ಎಷ್ಟು ತೀವ್ರ, ಎಷ್ಟು ಕಾಲ, ಎಷ್ಟು ಖಚಿತ, ಎಷ್ಟು ಹತ್ತಿರ, ಎಷ್ಟು ಜನರಿಗೆ ಹಬ್ಬುತ್ತೆ, ಎಲ್ಲವನ್ನೂ ತೂಗಿ. ಮನುಷ್ಯರನ್ನು ಹದ್ದುಬಸ್ತಿನಲ್ಲಿಡುವ ಶಕ್ತಿಗಳು ನಾಲ್ಕು: ಪ್ರಕೃತಿ, ಸರ್ಕಾರ, ಜನರ ಅಭಿಪ್ರಾಯ, ಧರ್ಮ. ಗಮನಿಸಿ, ಧರ್ಮವನ್ನು ಅವನು ಪಟ್ಟಿಯಿಂದ ತೆಗೆದುಹಾಕಲಿಲ್ಲ. ಆದರೆ ಅದನ್ನು ಗರ್ಭಗುಡಿಯಿಂದ ಇಳಿಸಿ ಉಳಿದ ಮೂರರ ಪಕ್ಕ ಸಾಲಲ್ಲಿ ಕೂರಿಸಿದ.

ಅದೇ ಕಾಲದಲ್ಲಿ ವಿಲಿಯಂ ಪೇಲಿ ಅನ್ನುವ ಪಾದ್ರಿ 1785ರಲ್ಲಿ ಒಂದು ನೀತಿಶಾಸ್ತ್ರ ಬರೆದರು, ಅದು ಕೇಂಬ್ರಿಜ್‌ನಲ್ಲಿ ಪಠ್ಯವಾಯಿತು. ಅವರದೂ ಸುಖದ ಲೆಕ್ಕವೇ. ಆದರೆ ದೇವರಿಗೆ ಎಲ್ಲರ ಸುಖ ಬೇಕು, ಅದಕ್ಕೆ ನಾವು ಒಳ್ಳೆಯದು ಮಾಡಬೇಕು, ಪ್ರತಿಫಲ ಪರಲೋಕದಲ್ಲಿ ಸಿಗುತ್ತೆ ಅಂತ ಅವರ ವಾದ. ಜರ್ಮನಿಯಲ್ಲಿ ಕಾಂಟ್ ಇನ್ನೊಂದು ದಾರಿ ಹಿಡಿದಿದ್ದರು: ಕರ್ತವ್ಯವನ್ನು ತೋರಿಸೋದು ಬುದ್ಧಿಯೇ, ಸುಖದ ಲೆಕ್ಕವೂ ಅಲ್ಲ, ದೇವರ ಆಜ್ಞೆಯೂ ಅಲ್ಲ. ಆದರೂ ನೀತಿಗೆ ಅರ್ಥ ಬರಬೇಕಾದರೆ ದೇವರಿದ್ದಾನೆ ಅನ್ನುವ ಭರವಸೆ ಬೇಕು. ಬೆಂಥಮ್‌ಗೆ ಈ ಎರಡೂ ಆಸರೆ ಬೇಡವಾಗಿತ್ತು. ಪರಲೋಕವನ್ನು ತೆಗೆದರೂ ಲೆಕ್ಕ ತಾಳೆಯಾಗುತ್ತೆ ಅಂತ ತೋರಿಸಹೊರಟ.

ಲೆಕ್ಕ ಅವನನ್ನು ಅನಿರೀಕ್ಷಿತ ಜಾಗಗಳಿಗೆ ಕರೆದೊಯ್ಯಿತು. ನೋವೇ ಅಳತೆಗೋಲು ಅಂದಮೇಲೆ ಪ್ರಾಣಿಗಳನ್ನು ಹೊರಗಿಡೋದು ಹೇಗೆ? ಅವಕ್ಕೆ ಬುದ್ಧಿ ಇದೆಯೋ ಮಾತು ಬರುತ್ತೋ ಅನ್ನೋದಲ್ಲ, ನೋವಾಗುತ್ತೋ ಅನ್ನೋದು ಮುಖ್ಯ ಅಂದ. ತನ್ನ ಬೆಕ್ಕಿಗೆ ಸರ್ ಜಾನ್ ಲ್ಯಾಂಗ್‌ಬೋರ್ನ್ ಅಂತ ಬಿರುದು ಕೊಟ್ಟು ಸಾಕಿದ್ದ. ಗಂಡು ಗಂಡಿನ ಪ್ರೀತಿಗೆ ಇಂಗ್ಲೆಂಡಿನಲ್ಲಿ ನೇಣು ಶಿಕ್ಷೆ ಇದ್ದ ಕಾಲದಲ್ಲಿ, 1785ರ ಸುಮಾರಿಗೆ, ಇದರಿಂದ ಯಾರಿಗೂ ನೋವಿಲ್ಲ ಅಂದಮೇಲೆ ಶಿಕ್ಷೆ ಯಾಕೆ ಅಂತ ಉದ್ದ ಪ್ರಬಂಧ ಬರೆದ. ಆದರೆ ಅಚ್ಚು ಹಾಕಿಸುವ ಧೈರ್ಯ ಬರಲಿಲ್ಲ. ಅದು ಬೆಳಕು ಕಂಡಿದ್ದು 1978ರಲ್ಲಿ. ಅಷ್ಟರಲ್ಲಿ ಅದೇ ಇಂಗ್ಲಿಷ್ ಕಾನೂನು 377ನೇ ಸೆಕ್ಷನ್ ಆಗಿ ನಮ್ಮ ದೇಶಕ್ಕೆ ಬಂದು ನೂರಕ್ಕೂ ಹೆಚ್ಚು ವರ್ಷವಾಗಿತ್ತು. ಅದರ ಹಿಡಿತ ಸಡಿಲಿಸಲು 2018ರ ಸುಪ್ರೀಂ ಕೋರ್ಟ್ ತೀರ್ಪೇ ಬರಬೇಕಾಯಿತು.

ಧರ್ಮದ ಬಗ್ಗೆ ಬರೆದಾಗಲೂ ಹಾಗೇ. 1822ರಲ್ಲಿ ಧರ್ಮದಿಂದ ಇಹಲೋಕದ ಸುಖಕ್ಕೆ ಲಾಭವೋ ನಷ್ಟವೋ ಅಂತ ಪರೀಕ್ಷಿಸುವ ಪುಸ್ತಕ ಫಿಲಿಪ್ ಬೋಶಾಂಪ್ ಅನ್ನುವ ಸುಳ್ಳು ಹೆಸರಿನಲ್ಲಿ ಬಂತು. ಬೆಂಥಮ್‌ನ ಟಿಪ್ಪಣಿಗಳನ್ನು ಜೋಡಿಸಿದವನು ಜಾರ್ಜ್ ಗ್ರೋಟ್. ಪ್ರಕಾಶಕ ರಿಚರ್ಡ್ ಕಾರ್ಲೈಲ್ ಆಗಲೇ ಧರ್ಮನಿಂದೆಯ ಆರೋಪದಲ್ಲಿ ಜೈಲಿನಲ್ಲಿದ್ದ. ವಿಚಾರ ಮಾಡೋದು ಒಂದು, ಅದನ್ನು ಬಾಯಿಬಿಟ್ಟು ಹೇಳೋದು ಇನ್ನೊಂದು. ಬೆಂಥಮ್ ಮೊದಲನೆಯದರಲ್ಲಿ ಹುಲಿ, ಎರಡನೆಯದರಲ್ಲಿ ನಮ್ಮ ಹಾಗೇ.

ಲೆಕ್ಕದ ಇನ್ನೊಂದು ಮುಖವನ್ನೂ ಹೇಳಬೇಕು. ಒಬ್ಬನೇ ಕಾವಲುಗಾರ ನಡುವೆ ಕೂತು ಎಲ್ಲ ಕೈದಿಗಳನ್ನೂ ನೋಡಬಲ್ಲ ವೃತ್ತಾಕಾರದ ಜೈಲು, ಪ್ಯಾನಾಪ್ಟಿಕನ್, ಅವನ ಕನಸು. ಇಪ್ಪತ್ತು ವರ್ಷ ಅದರ ಹಿಂದೆ ಓಡಾಡಿದ, ಕಟ್ಟಲು ಸರ್ಕಾರ ಬಿಡಲಿಲ್ಲ. 1813ರಲ್ಲಿ 23,000 ಪೌಂಡ್ ಪರಿಹಾರ ಕೊಟ್ಟು ಕೈತೊಳೆದುಕೊಂಡಿತು. ಅವನ ಆಪ್ತ ಜೇಮ್ಸ್ ಮಿಲ್ ಒಂದು ಸಲವೂ ಭಾರತಕ್ಕೆ ಬಾರದೆ ಭಾರತದ ಇತಿಹಾಸ ಬರೆದ, ಈಸ್ಟ್ ಇಂಡಿಯಾ ಕಂಪನಿಯಲ್ಲಿ ನೌಕರಿಯನ್ನೂ ಹಿಡಿದ. ಇವರ ವಿಚಾರಗಳಿಗೆ ಒಲಿದಿದ್ದ ಗವರ್ನರ್ ಜನರಲ್ ಬೆಂಟಿಂಕ್‌ನೇ, ನಗರ ದಂಗೆಯ ಬೆನ್ನಿಗೆ, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡಿದ್ದು. ಅದು ಒಡೆಯರ ಮನೆಗೆ ವಾಪಸ್ ಬರೋಕೆ 1881 ಆಗಬೇಕಾಯಿತು. ಬೆಂಥಮ್ ಸ್ವತಃ ವಸಾಹತುಗಳನ್ನು ಬಿಟ್ಟುಬಿಡಿ ಅಂತ ಫ್ರೆಂಚರಿಗೆ ಬರೆದವನು, ನಿಜ. ಆದರೂ ಜನರ ಸುಖವನ್ನು ಜನರನ್ನೇ ಕೇಳದೆ ದೂರದಲ್ಲಿ ಕೂತು ಲೆಕ್ಕ ಹಾಕುವ ಅಪಾಯ ಆ ತತ್ತ್ವದಲ್ಲೇ ಇದೆ ಅಂತ ನಮಗನ್ನಿಸುತ್ತೆ.

1826ರಲ್ಲಿ ಲಂಡನ್ನಿನಲ್ಲಿ ಹೊಸ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, 1828ರಲ್ಲಿ ಗವರ್ ಸ್ಟ್ರೀಟ್‌ನಲ್ಲಿ ತರಗತಿ ಶುರುವಾದವು. ಯಹೂದಿ, ಕ್ಯಾಥೊಲಿಕ್, ನಾಸ್ತಿಕ, ಯಾರೇ ಬರಲಿ, ನಿನ್ನ ದೇವರು ಯಾರು ಅಂತ ಕೇಳಲ್ಲ, ಸಹಿ ಬೇಡ. ದೇವರಿಲ್ಲದ ಕಾಲೇಜು ಅಂತ ವಿರೋಧಿಗಳು ಬೈದರು, 1829ರಲ್ಲಿ ಚರ್ಚಿನ ಕಡೆಯವರು ಕಿಂಗ್ಸ್ ಕಾಲೇಜು ಸ್ಥಾಪಿಸಿದರು. ಬೆಂಥಮ್ ಅದರ ಸ್ಥಾಪಕ ಅಂತ ಈಗಲೂ ಹೇಳುವವರಿದ್ದಾರೆ, ಅದು ಸರಿಯಲ್ಲ. ಆಗ ಅವನಿಗೆ ಎಪ್ಪತ್ತೆಂಟು. ಒಂದು ಷೇರು ಕೊಂಡಿದ್ದ, ಅಷ್ಟೇ. ಕಟ್ಟಿದವರಲ್ಲಿ ಅವನ ವಿಚಾರ ಓದಿದವರು ಬಹಳ ಇದ್ದರು. ಹುಡುಗನಾಗಿದ್ದಾಗ ಹಾಕಿದ ಆ ಸಹಿಯನ್ನು ಇನ್ನು ಮುಂದೆ ಬೇರೆ ಹುಡುಗರು ಹಾಕಬೇಕಿಲ್ಲದ ಒಂದು ಕಾಲೇಜನ್ನು ಕಣ್ಣಾರೆ ಕಂಡ. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಆ ಕಟ್ಟುಪಾಡು ಕಾನೂನಿನಿಂದ ಬಹುಮಟ್ಟಿಗೆ ಪೂರ್ತಿ ತೊಲಗಿದ್ದು 1871ರ ಹೊತ್ತಿಗೆ. ಇವತ್ತು ನಾವು ವಿಭೂತಿ ಇಟ್ಟುಕೊಂಡೋ ಇಡದೆಯೋ ಇಲ್ಲಿ ಓದ್ತಾ ಇರೋದರ ಹಿಂದೆ ಈ ಜಗಳವೂ ಇದೆ.

ಬೆಂಥಮ್ ತೀರಿಕೊಂಡಿದ್ದು 1832ರ ಜೂನ್ 6ರಂದು. ಮರುದಿನ ರಾಜನ ಅಂಕಿತ ಬಿದ್ದು ಸಂಸತ್ತಿನ ಸುಧಾರಣಾ ಮಸೂದೆ ಕಾನೂನಾಯಿತು. ತನ್ನ ದೇಹವನ್ನು ಕೊಯ್ದು ವಿದ್ಯಾರ್ಥಿಗಳಿಗೆ ತೋರಿಸಬೇಕು ಅಂತ ಅವನು ಇಪ್ಪತ್ತೊಂದನೇ ವಯಸ್ಸಿನಲ್ಲೇ ಉಯಿಲು ಬರೆದಿದ್ದ. ಆಗ ಕಾನೂನುಬದ್ಧವಾಗಿ ಸಿಗುತ್ತಿದ್ದುದು ನೇಣು ಹಾಕಿದ ಕೊಲೆಗಾರರ ಶವ ಮಾತ್ರ. ಕೊಯ್ದರೆ ಕೊನೆಯ ದಿನ ಎದ್ದು ಬರೋಕೆ ಆಗಲ್ಲ ಅನ್ನುವ ಭಯ ಜನರಿಗೆ, ಗೋರಿ ಅಗೆದು ಶವ ಮಾರುವ ಕಳ್ಳರ ಹಾವಳಿ ಬೇರೆ. ಜೂನ್ 9ರಂದು, ಗುಡುಗು ಮಳೆಯ ನಡುವೆ, ಗೆಳೆಯ ಡಾ. ಸೌತ್‌ವುಡ್ ಸ್ಮಿತ್ ಕೈಯಿಂದಲೇ ಆ ಕೆಲಸ ನಡೆಯಿತು. ಆಮೇಲೆ ಮೂಳೆಗಳನ್ನು ಜೋಡಿಸಿ, ಹುಲ್ಲು ತುಂಬಿ, ಅವನದೇ ಬಟ್ಟೆ ತೊಡಿಸಿದರು. ತಲೆ ಒಣಗಿಸೋದು ಕೆಟ್ಟುಹೋಗಿ ವಿಕಾರವಾದ್ದರಿಂದ ಮೇಣದ ತಲೆ ಇಟ್ಟರು. ಅದೇ ನಾವು ನೋಡಿದ ಮುದುಕ.

ಈಗ ಆ ಕಾರಣ. ಹೋದ ಚಳಿಗಾಲದಲ್ಲಿ ನಮ್ಮಲ್ಲೊಬ್ಬರ ಅಜ್ಜ ಊರಿನಲ್ಲಿ ತೀರಿಕೊಂಡರು. ದಿನಾ ಪೂಜೆ ಮಾಡದೆ ನೀರು ಮುಟ್ಟದವರು. ಆದರೆ ದೇಹವನ್ನು ಮೆಡಿಕಲ್ ಕಾಲೇಜಿಗೆ ಬರೆದುಕೊಟ್ಟಿದ್ದರು. ಸಂಸ್ಕಾರವಿಲ್ಲದೆ ಸದ್ಗತಿ ಹೇಗೆ ಅಂತ ನೆಂಟರ ಗಲಾಟೆ, ಅಜ್ಜಿ ಮಾತ್ರ ಗಟ್ಟಿಯಾಗಿ ನಿಂತರು. ಇಲ್ಲಿ ನಮ್ಮ ಅಡುಗೆಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಎಲ್ಲರೂ ಸೇರಿ ವಿಡಿಯೋ ಕಾಲ್‌ನಲ್ಲಿ ಆಂಬುಲೆನ್ಸ್ ಹೊರಡೋದನ್ನು ನೋಡಿದೆವು. ನಮ್ಮಲ್ಲಿ ಸಂಧ್ಯಾವಂದನೆ ಮಾಡುವವರೂ ಇದ್ದಾರೆ, ದೇವರೇ ಇಲ್ಲ ಅನ್ನುವವರೂ ಇದ್ದಾರೆ. ಆ ರಾತ್ರಿ ಯಾರೂ ವಾದ ಮಾಡಲಿಲ್ಲ.

ದೇವರನ್ನು ಬಿಟ್ಟು ಬೆಂಥಮ್ ಮುಟ್ಟಿದ ಜಾಗಕ್ಕೆ ದೇವರನ್ನು ಹಿಡಿದುಕೊಂಡೇ ಆ ಅಜ್ಜ ಬಂದಿದ್ದರು. ಬಸವಣ್ಣನವರೂ ದೇವರನ್ನು ಬಿಡದೆಯೇ ಗುಡಿಗಿಂತ ನಡತೆ ದೊಡ್ಡದು ಅಂದವರಲ್ಲವೇ? ದಾರಿ ಯಾವುದಾದರೂ ಸರಿ ಅಂತ ಹೇಳಿ ಮುಗಿಸೋದು ಸುಲಭ, ಆದರೆ ನಮಗೆ ಅಷ್ಟು ಖಾತ್ರಿ ಇಲ್ಲ. ಒಂದು ಮಾತ್ರ ಗೊತ್ತಾಯಿತು: ಇಬ್ಬರೂ ಭಯದಿಂದ ಹಾಗೆ ಮಾಡಲಿಲ್ಲ.

ಸಮಯ ಸಿಕ್ಕರೆ ಒಂದು ಸಲ ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ಬನ್ನಿ. ಹೊಸದಾಗಿ ಬಂದವರನ್ನೂ ಕರೆದುಕೊಂಡು ಹೋಗಿ. ಕರಿಬೇವಿನ ಅಂಗಡಿ ಆಮೇಲೆ ನೋಡೋಣ.