ಪ್ರೋಟೀನಿಗೆ ನಕ್ಷೆ ಬರೆದ ಜಿ. ಎನ್. ರಾಮಚಂದ್ರನ್

ಸಾರಕ್ಕಿ, ಪುಟ್ಟೇನಹಳ್ಳಿ ಕಡೆಯ ಮಕ್ಕಳಿಗೆ ವಿಜ್ಞಾನದ ರುಚಿ ಹತ್ತಿಸಿದ ಶಾಲೆ ನಮ್ಮದು. ಇದರ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ, ಬೆಂಗಳೂರಿನಲ್ಲಿ ಓದಿ ದುಡಿದ ಮಹನೀಯರೊಬ್ಬರನ್ನು ಸ್ಮರಿಸಲು ಬಯಸುತ್ತೇನೆ. ಇಲ್ಲಿನ ಹಳೆಯ ವಿದ್ಯಾರ್ಥಿನಿಯಾದ ನನ್ನ ಕೆಲಸ ಮಲೇರಿಯಾ ಪರಾವಲಂಬಿಯ ಪ್ರೋಟೀನುಗಳ ಅಧ್ಯಯನ. ಈ ಕೆಲಸಕ್ಕೆ ಅವರ ಹೆಸರಿನ ನಕ್ಷೆ ಬೇಕೇ ಬೇಕು.

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು ಸಿ. ವಿ. ರಾಮನ್ ಅವರ ಶಿಷ್ಯರಾಗಿ ಭೌತವಿಜ್ಞಾನಕ್ಕೆ ಹೊರಳಿದರು. 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ನಮ್ಮ ಚರ್ಮ, ಮೂಳೆಗಳಿಗೆ ಗಟ್ಟಿತನ ಕೊಡುವ ಪ್ರೋಟೀನು ಕೊಲಾಜೆನ್. ಅದು ಜಡೆಯಂತೆ ಸುತ್ತಿಕೊಂಡ ಮೂರು ಎಳೆಗಳಿಂದಾಗಿದೆ ಎಂದು ಅವರು ಗೋಪಿನಾಥ ಕರ್ತಾ ಅವರೊಡನೆ 1954-55ರಲ್ಲಿ ತೋರಿಸಿದರು. ಆ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರವಿವೆ ಎಂದು ಫ್ರಾನ್ಸಿಸ್ ಕ್ರಿಕ್, ಅಲೆಗ್ಸಾಂಡರ್ ರಿಚ್ ಆಕ್ಷೇಪಿಸಿದರು. ಹಾಗಾದರೆ ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು? ಆ ಆಕ್ಷೇಪಣೆಯಿಂದ ಹುಟ್ಟಿದ ಈ ಪ್ರಶ್ನೆಗೆ ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಮೂವರೂ ಲೆಕ್ಕ ಹಾಕಿ ಉತ್ತರ ಹುಡುಕಿದರು.

ಪ್ರೋಟೀನು ಹೂವಿನ ಹಾರದಂತೆ, ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಪ್ರತಿ ಆಮ್ಲದ ಬಳಿಯೂ ಸರ ಎರಡು ಕೋನಗಳಲ್ಲಿ ತಿರುಗಬಲ್ಲದು. ಆದರೆ ಬಹುಪಾಲು ತಿರುವುಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ ಎಂದು ಗುರುತಿಸಿದ ಚಿತ್ರವೇ 1963ರಲ್ಲಿ ಪ್ರಕಟವಾದ ರಾಮಚಂದ್ರನ್ ನಕ್ಷೆ. 1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನ ವಿಭಾಗ ಕಟ್ಟಿದರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು.

ಮರುವರ್ಷವೇ, 2002ರಲ್ಲಿ, ಮಾರಕ ಮಲೇರಿಯಾ ತರುವ ಪರಾವಲಂಬಿಯ ಪೂರ್ಣ ಜೀನೋಮ್ ಪ್ರಕಟವಾಯಿತು. ಸುಮಾರು 5,300 ಜೀನುಗಳು; ಅವುಗಳಿಂದಾಗುವ ಪ್ರೋಟೀನುಗಳಲ್ಲಿ ಸುಮಾರು ಶೇ. 60ರಷ್ಟರ ಕೆಲಸವೇನೆಂದು ಆಗ ಗೊತ್ತಾಗಲಿಲ್ಲ. ಈಗ ಪ್ಲಾಸ್ಮೋಡಿಬಿ, ಆಲ್ಫಾಫೋಲ್ಡ್‌ನಂಥ ಮಾಹಿತಿ ಭಂಡಾರಗಳು ಅಂತರ್ಜಾಲದಲ್ಲಿವೆ. ಗುರುತು ಸಿಗದ ಪ್ರೋಟೀನಿನ ಆಕಾರವನ್ನು ಕಂಪ್ಯೂಟರ್ ಊಹಿಸುತ್ತದೆ. ಆಕಾರದಿಂದ ಕೆಲಸದ ಸುಳಿವು ಸಿಗುತ್ತದೆ. ಬೀಗದ ಒಳರಚನೆ ತಿಳಿದರೆ ತಾನೇ ಕೀಲಿ ಮಾಡುವುದು? ಔಷಧವೂ ಹಾಗೆಯೇ. ಊಹೆಯೇ ತಪ್ಪಾದರೆ ವರ್ಷಗಳ ದುಡಿಮೆ ವ್ಯರ್ಥ, ರೋಗಿಯ ಕಾಯುವಿಕೆಯೂ ವ್ಯರ್ಥ. ಆದ್ದರಿಂದಲೇ ಆ ಆಕಾರವನ್ನು ನಂಬುವ ಮೊದಲು ರಾಮಚಂದ್ರನ್ ನಕ್ಷೆಯ ಮೇಲಿಟ್ಟು ನೋಡುತ್ತೇವೆ. ತಿರುವುಗಳು ಅಸಾಧ್ಯದ ಜಾಗದಲ್ಲಿ ಬಿದ್ದರೆ ಮತ್ತೆ ಪರೀಕ್ಷಿಸುತ್ತೇವೆ.

ನಮ್ಮ ಶಾಲೆಯ ಮಕ್ಕಳೇ, ಯಾರಾದರೂ ನಿಮ್ಮ ಉತ್ತರವನ್ನು ಪ್ರಶ್ನಿಸಿದರೆ ಕುಗ್ಗಬೇಡಿ. ಅಂಥ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡೇ ರಾಮಚಂದ್ರನ್ ಜಗತ್ತಿಗೆ ಈ ನಕ್ಷೆ ಕೊಟ್ಟರು.