ಬೈಸಿಕಲ್ಲಿಗೆ ಯಂತ್ರ ಕೂಡಿಸಿದವನು: ಗ್ಲೆನ್ ಕರ್ಟಿಸ್

ದೊಡ್ಡವರೆಂದರೆ ದೊಡ್ಡ ಮನೆತನದಲ್ಲಿ ಹುಟ್ಟಿ, ದೊಡ್ಡ ವಿದ್ಯಾಲಯಗಳಲ್ಲಿ ಓದಿ ಬಂದವರೇ ಆಗಿರಬೇಕೆಂದು ನಮ್ಮಲ್ಲಿ ಅನೇಕರು ಭಾವಿಸಿರುತ್ತೇವೆ. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸಬೇಕೆನ್ನುವವರು ಗ್ಲೆನ್ ಹ್ಯಾಮಂಡ್ ಕರ್ಟಿಸನ ಜೀವನವನ್ನು ಒಮ್ಮೆ ಓದಬೇಕು. ರೈಟ್ ಸಹೋದರರ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಅವರಂತೆಯೇ ಬೈಸಿಕಲ್ ಅಂಗಡಿಯಿಂದ ಹೊರಟು ಆಕಾಶವನ್ನು ಮುಟ್ಟಿದ ಕರ್ಟಿಸನು ಅಮೆರಿಕದಲ್ಲಿ ಮನೆಮಾತಾಗಿದ್ದರೂ ನಮ್ಮ ಪಠ್ಯಪುಸ್ತಕಗಳಲ್ಲಿ ಅವನಿಗೆ ಸ್ಥಳ ದೊರೆತಿಲ್ಲ.

ಕರ್ಟಿಸನು 1878ನೆಯ ಇಸವಿ ಮೇ 21ರಂದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹ್ಯಾಮಂಡ್ಸ್‌ಪೋರ್ಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಸುತ್ತಲೂ ದ್ರಾಕ್ಷಿತೋಟಗಳು, ಎದುರಿಗೆ ಸರೋವರ. ತಂದೆಯದು ಕುದುರೆಗಳ ಜೀನು ಲಗಾಮುಗಳನ್ನು ಮಾಡುವ ಕಸುಬು. ಬಾಲಕನಿಗೆ ಐದು ತುಂಬುವ ಮುನ್ನವೇ ಆ ತಂದೆ ತೀರಿಕೊಂಡನು. ತಂಗಿ ರೂಥಾಳಿಗೆ ಕಾಯಿಲೆಯಿಂದ ಕಿವಿ ಹೋಯಿತು. ಅವಳನ್ನು ಕಿವುಡರ ಶಾಲೆಗೆ ಸೇರಿಸುವುದಕ್ಕಾಗಿ ಸಂಸಾರವು ರಾಚೆಸ್ಟರ್ ನಗರಕ್ಕೆ ಹೋಯಿತು. ತಂಗಿ ಶಾಲೆಗೆ ಸೇರಿದಳು; ಲೆಕ್ಕದಲ್ಲಿ ಜಾಣನಾಗಿದ್ದ ಅಣ್ಣನು ಎಂಟನೆಯ ತರಗತಿ ಮುಗಿಸಿ ಶಾಲೆ ಬಿಟ್ಟನು. ಇಂಥ ಸಂಸಾರಗಳು ನಮಗೆ ಅಪರಿಚಿತವಲ್ಲ.

ಅವನಿಗೆ ಮೊದಲು ಸಿಕ್ಕಿದ ಕೆಲಸಗಳಲ್ಲೊಂದು ಈಸ್ಟ್‌ಮನ್ ಕಂಪನಿಯ ಫಿಲ್ಮ್ ಕಾರ್ಖಾನೆಯಲ್ಲಿ ಕಾಗದದ ಮೇಲೆ ಅಂಕಿಗಳನ್ನು ಒತ್ತುವುದು. ಒಂದೊಂದನ್ನೇ ಒತ್ತುವುದು ಬೇಸರವೆನಿಸಿ, ಅನೇಕವನ್ನು ಒಮ್ಮೆಗೇ ಒತ್ತುವ ಸಾಧನವನ್ನು ತಾನೇ ಕಲ್ಪಿಸಿಕೊಂಡನು. ಮುಂದೆ ತಂತಿ ಕಂಪನಿಯಲ್ಲಿ ಬೈಸಿಕಲ್ಲಿನ ಮೇಲೆ ತಂತಿ ಹಂಚುವ ಹುಡುಗನಾದನು. ಅಲ್ಲಿಂದ ಅವನಿಗೆ ವೇಗದ ಹುಚ್ಚು ಹಿಡಿಯಿತು. ಪಂದ್ಯಗಳಲ್ಲಿ ಗೆದ್ದನು. 1898ರಲ್ಲಿ ಲೀನಾ ನೆಫ್ ಎಂಬಾಕೆಯನ್ನು ಮದುವೆಯಾಗಿ, ಹುಟ್ಟೂರಿನಲ್ಲಿ ಬೈಸಿಕಲ್ ಅಂಗಡಿ ಇಟ್ಟನು.

ಆತನ ಜೀವನದ ನಿಜವಾದ ಆರಂಭ 1901ರಲ್ಲಿ. ಬೈಸಿಕಲ್ಲನ್ನು ಕಾಲಿನಿಂದ ತುಳಿಯುವುದರ ಬದಲು ಯಂತ್ರದಿಂದ ಓಡಿಸಬೇಕೆಂದು ಅವನಿಗೆ ತೋರಿತು. ಬಫಲೋ ನಗರದ ಥಾಮಸ್ ಎಂಬ ತಯಾರಕನಿಂದ ಅಂಚೆಯ ಮೂಲಕ ಒಂದು ಸಣ್ಣ ಎಂಜಿನ್ನಿನ ಎರಕದ ಭಾಗಗಳನ್ನು ತರಿಸಿದನು. ಬಂದುದು ಬರೀ ಎರಕದ ತುಂಡುಗಳು. ಜೋಡಿಸುವ ಕ್ರಮವನ್ನು ತಿಳಿಸುವ ಒಂದು ಚೀಟಿಯೂ ಇರಲಿಲ್ಲ. ಪೆಟ್ರೋಲನ್ನು ಆವಿಯಾಗಿಸಿ ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರೂ ಇರಲಿಲ್ಲ. ಕರ್ಟಿಸನು ಭಾಗಗಳನ್ನು ಉಜ್ಜಿ, ಕೊರೆದು, ಹೊಂದಿಸಿ ನೋಡಿದನು. ಕಾರ್ಬುರೇಟರಿಗೆ ಟೊಮ್ಯಾಟೊ ತುಂಬಿ ಬರುತ್ತಿದ್ದ ತಗಡಿನ ಡಬ್ಬಿಯೊಂದನ್ನು ತೆಗೆದುಕೊಂಡನು. ಅದರಲ್ಲಿ ಪೆಟ್ರೋಲು ತುಂಬಿ, ಮೇಲೆ ತೆಳುವಾದ ಜಾಲರಿಯನ್ನು ಇಟ್ಟನು. ಕೇಶಾಕರ್ಷಣೆಯಿಂದ ಪೆಟ್ರೋಲು ಜಾಲರಿಗೆ ಏರಿ ಆವಿಯಾಗುವುದು; ಆ ಆವಿಯನ್ನು ಕೊಳವೆಯೊಂದು ಎಂಜಿನ್ನಿಗೆ ಒಯ್ಯುವುದು. ಇಷ್ಟೇ ಅವನ ಯುಕ್ತಿ.

ಈ ವಿಚಿತ್ರ ವಾಹನವನ್ನು ಬೀದಿಗೆ ತಂದಾಗ ಊರಿಗೆ ಊರೇ ನೋಡಲು ಸೇರಿತಂತೆ. ಎಷ್ಟು ತುಳಿದರೂ ಎಂಜಿನ್ನು ಮಾತನಾಡಲಿಲ್ಲ. ಕಡೆಗೊಮ್ಮೆ ಪಟಪಟನೆ ಸಿಡಿದು ಓಡತೊಡಗಿತು. ಆದರೆ ಓಡುವ ಉಪಾಯವನ್ನು ಯೋಚಿಸಿದ್ದವನು ನಿಲ್ಲಿಸುವ ಉಪಾಯವನ್ನು ಅಷ್ಟಾಗಿ ಯೋಚಿಸಿರಲಿಲ್ಲವೆಂದೂ, ಆ ಸವಾರಿ ಒಂದು ಮರದ ಬುಡದಲ್ಲಿ ಮುಗಿಯಿತೆಂದೂ ಕತೆಯಿದೆ.

ಆ ಎಂಜಿನ್ನಿಗೆ ಬಲ ಸಾಲದು. ಇನ್ನೊಂದನ್ನು ತರಿಸಿದನು. ಅದು ಬಹಳ ತೂಕದ್ದು. ಬಲವೇನೋ ಇತ್ತು, ಆದರೆ ಬೈಸಿಕಲ್ಲಿನ ಚೌಕಟ್ಟನ್ನೇ ಕಿತ್ತುಹಾಕುವಂತೆ ಅದುರುತ್ತಿತ್ತು. ಒಂದು ಹಗುರ, ಆದರೆ ದುರ್ಬಲ. ಮತ್ತೊಂದು ಬಲಶಾಲಿ, ಆದರೆ ಭಾರ. ಈ ಎರಡು ಸೋಲುಗಳ ನಡುವೆ ಅವನಿಗೆ ದಾರಿ ಕಂಡಿತು. ಹಗುರವಾಗಿಯೂ ಬಲವಾಗಿಯೂ ಇರುವ ಎಂಜಿನ್ನನ್ನು ತಾನೇ ರಚಿಸಬೇಕೆಂದು ನಿಶ್ಚಯಿಸಿದನು. ಹಾಗೆ ಹುಟ್ಟಿದ ಮೋಟಾರು ಬೈಸಿಕಲ್ಲಿಗೆ ಹರ್ಕ್ಯುಲಿಸ್ ಎಂದು ಹೆಸರಿಟ್ಟನು. ಆ ಹೆಸರು ಆಗಲೇ ಬೇರೊಬ್ಬರದಾಗಿದ್ದುದರಿಂದ ಮುಂದೆ ತನ್ನ ಹೆಸರನ್ನೇ ಅದಕ್ಕೆ ಕೊಟ್ಟನು. 1903ರಲ್ಲಿ ಯಾಂಕರ್ಸ್ ಎಂಬಲ್ಲಿ ಒಂದು ಮೈಲಿಯನ್ನು 56.4 ಸೆಕೆಂಡುಗಳಲ್ಲಿ ಓಡಿಸಿ ದಾಖಲೆ ಸ್ಥಾಪಿಸಿದನು. 1907ರ ಜನವರಿ 24ರಂದು ಫ್ಲಾರಿಡಾದ ಆರ್ಮಂಡ್ ಕಡಲತೀರದಲ್ಲಿ, ಎಂಟು ಸಿಲಿಂಡರುಗಳ ಎಂಜಿನ್ನನ್ನು ಹೊತ್ತ ಮೋಟಾರು ಬೈಸಿಕಲ್ಲಿನ ಮೇಲೆ ಒಂದು ಮೈಲಿಯನ್ನು 26.4 ಸೆಕೆಂಡುಗಳಲ್ಲಿ ಮುಗಿಸಿದನು. ಎಂದರೆ ಗಂಟೆಗೆ 136 ಮೈಲಿಗೂ ಮಿಗಿಲಾದ ವೇಗ! ಮರಳುವ ಓಟದಲ್ಲಿ ಯಂತ್ರ ಮುರಿದುದರಿಂದ ಆ ದಾಖಲೆ ವಿಧ್ಯುಕ್ತವಾಗಲಿಲ್ಲ. ಆದರೂ ಭೂಮಿಯ ಮೇಲೆ ಅತ್ಯಂತ ವೇಗವಾಗಿ ಸಂಚರಿಸಿದ ಮನುಷ್ಯನೆಂಬ ಕೀರ್ತಿ ಅವನಿಗೆ ಬಂದಿತು.

ಬೈಸಿಕಲ್ಲಿಗಾಗಿ ಹುಟ್ಟಿದ ಹಗುರವಾದ ಎಂಜಿನ್ನೇ ಆಕಾಶಕ್ಕೂ ಬೇಕಾಗಿತ್ತು. 1904ರಲ್ಲಿ ಥಾಮಸ್ ಬಾಲ್ಡ್‌ವಿನ್ ಎಂಬವನು ತನ್ನ ವಾಯುನೌಕೆಗೆ ಕರ್ಟಿಸನ ಎಂಜಿನ್ನನ್ನು ಜೋಡಿಸಿ ಹಾರಿದನು. ಬಳಿಕ ಟೆಲಿಫೋನನ್ನು ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನೇ ಇವನನ್ನು ಕರೆಸಿಕೊಂಡನು. 1907ರಲ್ಲಿ ಬೆಲ್ಲನು ಸ್ಥಾಪಿಸಿದ ವಿಮಾನ ಪ್ರಯೋಗ ಸಂಘದಲ್ಲಿ ಇಬ್ಬರು ಟೊರಾಂಟೋ ವಿಶ್ವವಿದ್ಯಾಲಯದ ಎಂಜಿನಿಯರುಗಳೂ, ಒಬ್ಬ ಸೇನಾಧಿಕಾರಿಯೂ ಇದ್ದರು. ಅವರ ನಡುವೆ ಎಂಟನೆಯ ತರಗತಿಯ ಕರ್ಟಿಸನು ಪ್ರಯೋಗಗಳ ನಿರ್ದೇಶಕ! ಸಂಘಕ್ಕೆ ಹಣ ಕೊಟ್ಟವಳು ಬೆಲ್ಲನ ಪತ್ನಿ ಮೇಬಲ್; ಆಕೆಗೂ ಕಿವಿ ಕೇಳಿಸುತ್ತಿರಲಿಲ್ಲ. ಪುಸ್ತಕ ಬಲ್ಲವರೂ ಅರ ಹಿಡಿಯಬಲ್ಲವನೂ ಒಂದೇ ಮೇಜಿನ ಸುತ್ತ ಕುಳಿತುದರ ಫಲವಾಗಿ, 1908ರ ಜುಲೈ 4ರಂದು ಜೂನ್ ಬಗ್ ಎಂಬ ವಿಮಾನವು ಹ್ಯಾಮಂಡ್ಸ್‌ಪೋರ್ಟಿನ ಜನರ ಕಣ್ಣೆದುರಿಗೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹಾರಿತು. ನಡೆಸಿದವನು ಕರ್ಟಿಸ್. 1910ರಲ್ಲಿ ಆಲ್ಬನಿಯಿಂದ ನ್ಯೂಯಾರ್ಕಿಗೆ ಹಾರಿ 10,000 ಡಾಲರುಗಳ ಬಹುಮಾನ ಪಡೆದನು. 1911ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನೀರಿನಿಂದಲೇ ಏರಿ ನೀರಿಗೇ ಇಳಿದನು.

ಅವನ ಜೀವನ ನಿಷ್ಕಳಂಕವೆಂದು ಹೇಳಲಾಗದು. ತಮ್ಮ ಹಕ್ಕನ್ನು ಕರ್ಟಿಸನು ಅಪಹರಿಸಿದನೆಂದು ರೈಟ್ ಸಹೋದರರು 1909ರಲ್ಲಿ ದಾವೆ ಹೂಡಿದರು. 1914ರಲ್ಲಿ ತೀರ್ಪು ರೈಟರ ಕಡೆಗಾಯಿತು. ಅದೇ ವರ್ಷ ಲ್ಯಾಂಗ್ಲಿ ಎಂಬ ವಿಜ್ಞಾನಿಯ ಹಳೆಯ ವಿಮಾನವನ್ನು ತಿದ್ದಿ ಹಾರಿಸಿ, ರೈಟರಿಗಿಂತ ಮೊದಲೇ ಹಾರಬಲ್ಲ ವಿಮಾನವಿತ್ತೆಂದು ತೋರಿಸಲು ಕರ್ಟಿಸನು ನೆರವಾದುದು ಇತಿಹಾಸಕಾರರು ಮೆಚ್ಚಿದ ಕಾರ್ಯವಲ್ಲ. 1917ರಲ್ಲಿ ಯುದ್ಧದ ಅಗತ್ಯವು ಜಗಳಕ್ಕೆ ತೆರೆ ಎಳೆಯಿತು. 1929ರಲ್ಲಿ ಎರಡು ಹೆಸರುಗಳ ಕಂಪನಿಗಳೂ ಒಂದಾಗಿ ಕರ್ಟಿಸ್-ರೈಟ್ ಎನಿಸಿದವು. ಮರುವರ್ಷ, 1930ರ ಜುಲೈ 23ರಂದು, ಶಸ್ತ್ರಚಿಕಿತ್ಸೆಯ ತರುವಾಯ ಕರ್ಟಿಸನು 52ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಹೆಸರು ನಮ್ಮ ನಾಡಿಗೂ ಬಂದಿತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ 1942ರಲ್ಲಿ ಜೋಡಿಸಿ ಹಾರಿಸಿದ ಯುದ್ಧವಿಮಾನ ಕರ್ಟಿಸ್ ಹಾಕ್.

ಕೊನೆಯದಾಗಿ ಒಂದು ಸ್ವಂತ ವಿಷಯವನ್ನು ಹೇಳಲು ಓದುಗರು ಅನುಮತಿಸಬೇಕು. ನನ್ನ ತಂದೆಯವರದು ಸೈಕಲ್ ರಿಪೇರಿ ಅಂಗಡಿ. ಅವರು ಓದಿದ್ದು ನಾಲ್ಕನೆಯ ತರಗತಿ. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬ ಕಡೆ ನಾನು ವ್ಯಾಪಾರವೆಂದು ಬರೆದೆ. ಅದು ಸುಳ್ಳಲ್ಲ, ಆದರೆ ಬರೆದ ಕಾರಣ ನಾಚಿಕೆ. ಈ ಲೇಖನವನ್ನು ಸಿದ್ಧಪಡಿಸುವಾಗ ಒಂದು ರಾತ್ರಿ ಅಪ್ಪನಿಗೆ ಓದಿ ಹೇಳಿದೆ. ಅವರು ದಾಖಲೆಗಳ ಬಗ್ಗೆ ಏನನ್ನೂ ಕೇಳಲಿಲ್ಲ. ಡಬ್ಬಿಯೊಳಗಿನ ಪೆಟ್ರೋಲು ಮೇಲಕ್ಕೆ ಹೇಗೆ ಬಂದೀತೆಂದು ಕೇಳಿದರು. ಕೇಶಾಕರ್ಷಣೆ ಎಂದೆ, ಅದರ ಅರ್ಥವೇನೆಂದು ಕೇಳಿದಾಗ ತಡವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಎಂದು ತಾವೇ ಹೇಳಿ, ಸರಿಯೇ ಎಂದು ನನ್ನ ಮುಖ ನೋಡಿದರು. ಸರಿಯೇ ಆಗಿತ್ತು. ಪದ ನನ್ನಲ್ಲಿತ್ತು, ಅರ್ಥ ಅವರಲ್ಲಿತ್ತು.

ಪದವಿ ಬೇಡವೆಂದು ನಾನು ಹೇಳುತ್ತಿಲ್ಲ. ಆ ಪದವಿಗಾಗಿಯೇ ಅಪ್ಪ ಇಷ್ಟು ವರ್ಷ ಪಂಕ್ಚರ್ ಹಾಕಿದ್ದಾರೆ. ಬೆಲ್ಲನ ಮೇಜಿನ ಸುತ್ತ ಕುಳಿತಂತೆ ಈ ಎರಡು ಬಗೆಯ ಬಲ್ಲವರೂ ಒಂದೆಡೆ ಕುಳಿತರೆ ಎಷ್ಟು ಚೆನ್ನ! ಇನ್ನು ಮುಂದೆ ಯಾವ ಅರ್ಜಿಯಲ್ಲಿಯೂ ಆ ಸ್ಥಳದಲ್ಲಿ ಸೈಕಲ್ ರಿಪೇರಿ ಎಂದೇ ಬರೆಯುವೆನು.